ನಂದು, ನಂದು ಎಂದು ಕೂಗಿ ದೇಶಕ್ಕೆ ಆಡಿದ್ದು

ಹೋದ ವಾರ ಬ್ಯಾಂಕಿನಲ್ಲಿ ನನ್ನ ಮಾನ ಹೋಯಿತು. ಸರತಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಅಜ್ಜಿ, ಅವರ ಎದುರಿನ ಕಟ್ಟೆಯ ಮೇಲೆ ಒಂದು ಸ್ಟೀಲಿನ ನೀರಿನ ಬಾಟಲಿ. ಅಜ್ಜಿಯ ಸೆರಗು ತಗುಲಿ ಬಾಟಲಿ ಉರುಳಿತು. ಅದು ನೆಲ ಮುಟ್ಟುವುದರೊಳಗೆ, ಐವತ್ತು ದಾಟಿದ ಈ ದೇಹ ನನ್ನನ್ನು ಒಂದು ಮಾತೂ ಕೇಳದೆ ಮಂಡಿ ಮಡಚಿ, ಎರಡೂ ಮುಂಗೈ ಜೋಡಿಸಿ, "ನಂದು!" ಎಂದು ಕಿರುಚಿ ನೆಲಕ್ಕೆ ಹಾರಿತು. ಬಾಟಲಿ ನನ್ನ ಮುಂಗೈಗೆ ಬಡಿದು ಮೇಲೆದ್ದು, ಮ್ಯಾನೇಜರರ ಮೇಜಿನ ಮೇಲಿದ್ದ ಗಣಪತಿಯ ಪಕ್ಕದಲ್ಲಿ ಹೋಗಿ ನೆಟ್ಟಗೆ ಕೂತಿತು. ಪಾಸ್ ಅಂದರೆ ಅದು ಪಾಸ್. ಆದರೆ ಮೆಚ್ಚುವವರು ಯಾರು? ಕೌಂಟರಿನ ಹಿಂದಿದ್ದ ಗುಮಾಸ್ತ, ಸರತಿಯ ಕೊನೆಯಲ್ಲಿದ್ದ ಒಬ್ಬ, ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದ ಕಾವಲುಗಾರ, ಮೂವರೂ ಒಟ್ಟಿಗೆ "ಕಾಯ್?" ಎಂದರು. ಏನು, ಕರೆದಿರಾ, ಅಂತ. ಮೂವರ ಹೆಸರೂ ನಂದು.

ಪುಣೆಯಲ್ಲಿ ಇರುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ನಂದಕುಮಾರನೂ ನಂದು, ನಂದಕಿಶೋರನೂ ನಂದು, ಆನಂದ, ಸದಾನಂದರೂ ಮನೆಯೊಳಗೆ ಹೊಕ್ಕರೆ ನಂದು. ಯಾವ ಗಲ್ಲಿಯಲ್ಲಿ ನಿಂತು ಕೂಗಿದರೂ ಎರಡು ಕಿಟಕಿ ತೆರೆದುಕೊಳ್ಳುತ್ತವೆ. ನಮ್ಮ ಕನ್ನಡದಲ್ಲಿ ಆ ಮಾತಿಗೆ ಏನು ಅರ್ಥ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಊರಿನಲ್ಲಿ ಕನ್ನಡದವನೊಬ್ಬ "ಇದು ನನ್ನದು" ಎಂದು ಕೂಗಿದರೆ, ಅದು ನಂದು ಎಂಬ ಮತ್ತೊಬ್ಬನ ಪಾಲಾಗುತ್ತದೆ. ನನ್ನ ವಾಲಿಬಾಲ್ ಬದುಕಿನ ಕಥೆಯೆಲ್ಲ ಇಷ್ಟೇ. ಹೆಂಡತಿ, "ಇಷ್ಟಕ್ಕ ಒಂದು ಪ್ರಬಂಧ ಬರೀಬೇಕೇನ್ರಿ?" ಎನ್ನುತ್ತಾಳೆ. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಮಲಗಿರುವವನಿಗೆ ಬೇರೆ ಕೆಲಸವೇನಿದೆ ಹೇಳಿ.

ಆ ಮಾತು ಬಾಯಿಗೆ ಹತ್ತಿದ್ದು ಅಂಗಡಿಯಲ್ಲಿ. ನಾವು ವಿಜಾಪುರದ ಕಡೆಯವರು. ಅಪ್ಪನದು ಇಲ್ಲಿ ಪುಣೆಯ ರವಿವಾರ ಪೇಟೆಯಲ್ಲಿ ಖಣದ ಅಂಗಡಿ. ಗುಳೇದಗುಡ್ಡದಿಂದ ಕುಪ್ಪಸದ ಖಣ, ಇಳಕಲ್ಲಿನಿಂದ ಸೀರೆ ತರಿಸಿ ಮಾರುವ ವ್ಯಾಪಾರ. ಅಂಗಡಿಯ ಅಗಲ ಎಂಟಡಿ, ಎತ್ತರ ಹದಿನಾರಡಿ. ದೇವರು ಜಾಗವನ್ನೇನೋ ಕೊಟ್ಟಿದ್ದ, ನಿಲ್ಲಿಸಿ ಕೊಟ್ಟಿದ್ದ. ಸರಕೆಲ್ಲ ಅಟ್ಟದ ಮೇಲೆ. ಗಿರಾಕಿ ಬಂದು "ಹಸಿರಂಚಿನದು ತೋರಿಸಿ" ಎಂದರೆ ಅಪ್ಪ ಅಟ್ಟ ಹತ್ತಿ ಗಂಟು ಎಸೆಯುವನು, ಕೆಳಗೆ ನಾನೂ ಅಣ್ಣನೂ ಹಿಡಿಯಬೇಕು. ಇಬ್ಬರೂ ನುಗ್ಗಿದರೆ ತಲೆಗೆ ತಲೆ ಡಿಕ್ಕಿ, ಇಬ್ಬರೂ ಬಿಟ್ಟರೆ ಗಂಟು ಗಿರಾಕಿಯ ನೆತ್ತಿಗೆ. ಎರಡೂ ಆದ ಮೇಲೆ ಅಪ್ಪ ಒಂದು ಕಾಯಿದೆ ಮಾಡಿದ.

"ಯಾರು ಹಿಡಿತೀರಿ ಅವ್ರು ಮೊದ್ಲ ನಂದು ಅನ್ರಿ. ನಂದು ಅಂದು ಬಿಟ್ಟವಗ ಅವತ್ತ ಊಟ ಇಲ್ಲ."

ಹೊಟ್ಟೆಗೆ ಕಟ್ಟಿದ ಕಾಯಿದೆ ಮರೆಯುವುದಿಲ್ಲ. ಏಳೆಂಟು ವರ್ಷ ದಿನಕ್ಕೆ ನೂರು ಸಲ "ನಂದು, ನಂದು" ಎಂದು ಕೂಗುತ್ತ ಬೆಳೆದೆ. ಬೆಳೆದದ್ದೂ ಸಾಮಾನ್ಯಕ್ಕಲ್ಲ, ಆರಡಿ ಎರಡಿಂಚು. ಆಮೇಲಾಮೇಲೆ ಅಪ್ಪ ಅಟ್ಟ ಹತ್ತುವುದನ್ನೇ ಬಿಟ್ಟ. ಅಂಗಡಿಯ ಏಣಿಯನ್ನು ಮಾರಿಬಿಟ್ಟ. ನಾನು ಕಾಲೇಜಿಗೆ ಸೇರುತ್ತೇನೆ ಎಂದಾಗ ಅವನಿಗೆ ಆದ ದುಃಖ ಮಗ ದೂರವಾಗುತ್ತಾನೆ ಎಂದಲ್ಲ, ಏಣಿ ಮಾರಿದೆನಲ್ಲ ಎಂದು.

ತೊಂಬತ್ತರ ದಶಕದ ನಡುಭಾಗ ಅದು. ಕಾಲೇಜಿನ ಮೈದಾನದ ಪಕ್ಕ ಸುಮ್ಮನೆ ಹೋಗುತ್ತಿದ್ದವನನ್ನು ವಾಲಿಬಾಲ್ ಕೋಚ್ ಮೋಹಿತೆ ಸರ್ ಕಾಲಿನಿಂದ ತಲೆಯವರೆಗೆ ನೋಡಿ, ಮತ್ತೆ ತಲೆಯಿಂದ ಕಾಲಿನವರೆಗೆ ನೋಡಿ, "ನಾಳೆಯಿಂದ ಬಾ" ಎಂದರು. ಆಡಲು ಬರುತ್ತದೆಯೇ ಎಂದು ಕೇಳಲೂ ಇಲ್ಲ. ಮೊಣಕಾಲಿಗೆ ಕಟ್ಟಲು ಪಟ್ಟಿ ಬೇಕು ಎಂದಾಗ ಅವ್ವ ಹತ್ತಿ ತುಂಬಿ, ಅಂಗಡಿಯಲ್ಲಿ ಉಳಿದಿದ್ದ ಖಣದ ತುಂಡಿನಲ್ಲಿ ಹೊಲಿದುಕೊಟ್ಟಳು. ಕೆಂಪು ಖಣ, ಹಳದಿ ಅಂಚು. ಮೊದಲ ದಿನ ಮೈದಾನಕ್ಕೆ ಹೋದಾಗ ಒಬ್ಬ ನನ್ನ ಎರಡೂ ಮೊಣಕಾಲನ್ನು ದಿಟ್ಟಿಸಿ, "ಇವರಿಬ್ಬರ ಮದುವೆ ಯಾವಾಗ?" ಎಂದ. ಕುಳ್ಳ, ಐದಡಿ ಏಳಿಂಚು, ಆದರೆ ಕಾಲಲ್ಲಿ ಸ್ಪ್ರಿಂಗು. ಭೋರ್ ಊರಿನವನು. ಹೆಸರು ನಂದಕುಮಾರ. ಎಲ್ಲರೂ ಕರೆಯುತ್ತಿದ್ದದ್ದು, ನಿಮಗೆ ಗೊತ್ತೇ ಇದೆ.

ಮೊದಲ ಚೆಂಡು ನಮ್ಮಿಬ್ಬರ ನಡುವೆ ಬಂತು. ನಾನು "ನಂದು!" ಎಂದೆ. ಅವನು ಬಂದ. ನಾನೂ ಹೋದೆ. ನನ್ನ ಗದ್ದ ಅವನ ಹಣೆಗೆ ಬಡಿಯಿತು. ಇಬ್ಬರೂ ಅಂಗಾತ ಬಿದ್ದೆವು, ಚೆಂಡು ನಮ್ಮ ನಡುವೆ ಬಂದು ತಣ್ಣಗೆ ಕೂತಿತು. ಮೋಹಿತೆ ಸರ್ ಓಡಿ ಬಂದರು. ಮಾತುಕತೆಯೆಲ್ಲ ಮರಾಠಿಯಲ್ಲಿ ನಡೆಯಿತು. ಗಾಬರಿಯಲ್ಲಿ ನನ್ನ ಬಾಯಿಂದ ಬರುತ್ತಿದ್ದ ಒಂದು ಮಾತು ಮಾತ್ರ ಕನ್ನಡದ್ದು. ನಿಮಗಾಗಿ ಎಲ್ಲವನ್ನೂ ನಮ್ಮ ಮನೆಯ ಮಾತಿನಲ್ಲೇ ಹೇಳುತ್ತೇನೆ.

"ಅವನ್ನ ಯಾಕ ಕರದಿ?" ಎಂದರು ಸರ್.

"ಕರೀಲಿಲ್ಲ ಸರ್. ನಂದು ಅಂದೆ."

"ಅದನ್ನ ಕೇಳ್ಲಿಕತ್ತೀನಿ. ಚೆಂಡು ಯಾರದಿತ್ತು?"

"ನಂದು, ಸರ್."

"ನಂದೂಂದಾದ್ರ ನೀ ಯಾಕ ಓಡಿದಿ?"

"ನಂದು ಅಂತನ ಓಡಿದೆ, ಸರ್."

ಸರ್ ನನ್ನ ಕಣ್ಣ ಮುಂದೆ ಎರಡು ಬೆರಳು ಹಿಡಿದು ಎಷ್ಟು ಎಂದು ಕೇಳಿದರು. ತಲೆಗೆ ಪೆಟ್ಟು ಬಿದ್ದಿದೆ ಎಂದುಕೊಂಡಿದ್ದರು. ಪೆಟ್ಟು ನಿಜಕ್ಕೂ ಬಿದ್ದದ್ದು ನಂದುವಿಗೆ, ಅವನ ಹಣೆಯ ಮೇಲೆ ನಿಂಬೆಹಣ್ಣು ಎದ್ದಿತ್ತು.

ಇದಕ್ಕೆ ಮಾಡದ ಉಪಾಯವಿಲ್ಲ. ಮರಾಠಿಯಲ್ಲಿ "ಮಾಝಾ" ಅನ್ನು ಎಂದು ಸರ್ ನನ್ನಿಂದ ನೂರು ಸಲ ಹೇಳಿಸಿದರು. ನಿಂತಲ್ಲಿ ಹೇಳಿದೆ. ಚೆಂಡು ಬಂದ ಕೂಡಲೇ ಅಪ್ಪನ ಕಾಯಿದೆ ಬಾಯಿಗೆ ಬಂತು. ಎಡವಿದವನು ಅವ್ವಾ ಎನ್ನುತ್ತಾನೆಯೇ ಹೊರತು ಯಾವ ಭಾಷೆಯಲ್ಲಿ ಎನ್ನಲಿ ಎಂದು ಯೋಚಿಸುತ್ತಾನೆಯೇ? ಆಮೇಲೆ ನಂದುವಿಗೆ ಕುಮಾರ ಎಂದು ನಾಮಕರಣ ಮಾಡಿದರು. ಕುಮಾರ ಎಂದು ಕರೆದರೆ ಅವನೂ ಎಲ್ಲರ ಜೊತೆ ಯಾರಪ್ಪಾ ಕುಮಾರ ಎಂದು ಹಿಂದೆ ತಿರುಗಿ ನೋಡುತ್ತಿದ್ದ. ಕಡೆಗೆ, ನಾನು ನಂದು ಎಂದರೆ ಅದು ಅವನಲ್ಲ ಎಂದು ಅವನಿಗೆ ಪಾಠ ಮಾಡಿದರು. ಅವನು ಕಲಿತ. ಅವನು ಕಲಿತಿದ್ದಾನೆ ಎಂಬ ನಂಬಿಕೆ ನನಗೆ ಬರಲಿಲ್ಲ. ನಾನು ನಂದು ಎನ್ನುವುದು, ಅವನು ನಿನ್ನದು ಎಂದು ನಿಲ್ಲುವುದು, ನಾನು ಹಣೆಯ ನಿಂಬೆಹಣ್ಣು ನೆನೆಸಿಕೊಂಡು ನಿಲ್ಲುವುದು. ಬಸ್ಸಿನಲ್ಲಿ ಒಂದೇ ಸೀಟಿಗೆ ಇಬ್ಬರು ಸಭ್ಯರು ನೀವು ಕೂಡ್ರಿ, ನೀವು ಕೂಡ್ರಿ ಎಂದಂತೆ ಚೆಂಡು ನಮ್ಮ ನಡುವೆ ಬೀಳುತ್ತಿತ್ತು.

ಆದರೆ ನೋಡಿ, ಕೆಟ್ಟ ಕಾಲದಲ್ಲೂ ಒಂದು ದಾರಿ ಇರುತ್ತದೆ. ಅಂತರ ಕಾಲೇಜು ಪಂದ್ಯವೊಂದರಲ್ಲಿ ಬಲೆಯ ಹತ್ತಿರ ಚೆಂಡು ಮೇಲಕ್ಕೆದ್ದಿತು. ನಾನು ಬಲತುದಿಯಲ್ಲಿ, ನಂದು ಎಡತುದಿಯಲ್ಲಿ. ನಾನು ಎಂದಿನಂತೆ "ನಂದು!" ಎಂದೆ. ಎದುರಿನವರು ಎಲ್ಲ ಮರಾಠಿ ಹುಡುಗರು. ಓಹೋ, ನಂದು ಹೊಡೆಯುತ್ತಾನೆ ಎಂದು ಅಡ್ಡಗಟ್ಟುವವರು ಇಬ್ಬರೂ ಅವನೆದುರು ಹೋಗಿ ಹಾರಿದರು. ನನ್ನ ಮುಂದೆ ಒಂದು ನೊಣವೂ ಇರಲಿಲ್ಲ. ಹೊಡೆದೆ. ಮತ್ತೆ ಹೊಡೆದೆ. ಅವತ್ತು ಎದುರಾಳಿಗಳು ಕಡೆಯವರೆಗೂ ಹಾರಿದ್ದು ನಂದುವಿನ ಮುಂದೆಯೇ. ಪಂದ್ಯ ಮುಗಿದ ಮೇಲೆ ಸೋತ ತಂಡದ ಕೋಚ್ ಬಂದು ನಮ್ಮ ಸರ್‌ನ ಕೈ ಕುಲುಕಿ, ಈ ತಂತ್ರ ಎಲ್ಲಿ ಕಲಿಸಿದಿರಿ ಎಂದು ಕೇಳಿದರು. ಸರ್ ಗಂಭೀರವಾಗಿ, "ಬಹಳ ವರ್ಷದ ಅಧ್ಯಯನ" ಎಂದರು.

ಆ ಬಲದಿಂದ ನಾವಿಬ್ಬರೂ ವಿಶ್ವವಿದ್ಯಾಲಯದ ತಂಡಕ್ಕೆ ಹೋದೆವು. ಮಹಾರಾಷ್ಟ್ರ ಪೂರ್ತಿ ತಂತ್ರ ನಡೆಯಿತು. ದಕ್ಷಿಣದ ಕಡೆ ಒಂದು ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋದಾಗ ಎದುರಿಗೆ ಬಂದದ್ದು ಧಾರವಾಡದ ಕಡೆಯ ತಂಡ. ನಾನು ಅಭ್ಯಾಸಬಲದಿಂದ "ನಂದು!" ಎಂದು ಹಾರಿದೆ. ಬಲೆಯ ಆಚೆ ನನಗಿಂತ ಒಂದು ಗೇಣು ಎತ್ತರದವನು ನಗುತ್ತ ನನ್ನೆದುರೇ ಹಾರಿ, ಚೆಂಡನ್ನು ನನ್ನ ಕಾಲ ಬಳಿಗೇ ಕೆಡವಿದ. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಬಲೆಯ ಕಣ್ಣಿನೊಳಗಿಂದ ಇಣುಕಿ ಕೇಳಿದ.

"ಎಲ್ಲಾ ನಿಂದs ಏನಲೇ? ಒಂದೆರಡು ನಮಗೂ ಬಿಡೋ ತಮ್ಮಾ."

ಸೋತು ಬಂದೆವು. ಆದರೂ ಎಷ್ಟೋ ದಿನದ ಮೇಲೆ ಮೈದಾನದಲ್ಲಿ ನನ್ನ ಮಾತು ಒಬ್ಬನಿಗಾದರೂ ಅರ್ಥವಾಯಿತಲ್ಲ ಎಂದು ಒಳಗೊಳಗೇ ಖುಷಿಯಾಗಿತ್ತು. ಅವನ ಜೊತೆ ಮಿರ್ಚಿ ಭಜಿ ತಿಂದೇ ರೈಲು ಹತ್ತಿದೆ.

ರಾಜ್ಯ ತಂಡದ ಆಯ್ಕೆಯ ಕಥೆ ಇನ್ನೂ ವಿಚಿತ್ರ. ಆಯ್ಕೆಗಾರರೊಬ್ಬರು ವಯಸ್ಸಾದವರು, ದೂರದೃಷ್ಟಿ ಮಂದ. ಮೇಲಿನ ಮೆಟ್ಟಿಲಲ್ಲಿ, ನೆರಳಿದ್ದ ಕಡೆ ಕೂತು ಕಿವಿಯಿಂದಲೇ ಆಟ ನೋಡಿದರು. ಚೆಂಡು ದಪ್ ಎಂದು ನೆಲಕ್ಕೆ ಬಿದ್ದಾಗಲೆಲ್ಲ ಅದಕ್ಕೆ ಮುಂಚೆ ನಂದು ಎಂಬ ಕೂಗು. ಸಂಜೆ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ನಂದುವಿನ ಹೆಸರಿನ ಎದುರು ಹೀಗೊಂದು ಷರಾ ಇತ್ತು: ಸ್ಮ್ಯಾಷ್ ಉತ್ತಮ, ರಕ್ಷಣೆ ಉತ್ತಮ, ಮೈದಾನದ ಎಲ್ಲ ಕಡೆಯೂ ಏಕಕಾಲಕ್ಕೆ ಇರುತ್ತಾನೆ.

ನನಗೆ ಅಳು ಬಂತು. ನಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಆಯ್ಕೆಗಾರರ ಮುಂದೆ ಹೋಗಿ ನಿಂತ. "ಸರ್, ಸ್ಮ್ಯಾಷ್ ಹೊಡೆದದ್ದು ನಾನಲ್ಲ, ಈ ಸಂಗಪ್ಪ" ಎಂದ. ಸಂಗಪ್ಪ ಎಂದರೆ ನಾನು. ಹಿರಿಯರು ಕನ್ನಡಕ ತೆಗೆದು ಒರೆಸಿದರು.

"ಮತ್ತ ನಂದು ನಂದು ಅಂತ ಒದರಿದವ್ರು ಯಾರು?"

"ನಾನು, ಸರ್. ನಮ್ಮ ಭಾಷಾದಾಗ ಹಂಗಂದ್ರ ಚೆಂಡು ನನ್ನದು ಅಂತ."

"ಅದನ್ನ ಮರಾಠಿಯೊಳಗ ಅನ್ನಲಿಕ್ಕೆ ಏನಾಗಿತ್ತು?"

"ಚೆಂಡು ಬರೂದ್ರಾಗ ತರ್ಜುಮಾ ಮಾಡ್ಲಿಕ್ಕೆ ಟೈಮ್ ಸಿಗೂದಿಲ್ಲ, ಸರ್."

ಅವರು ಯಾರ ಹೆಸರನ್ನೂ ಹೊಡೆದು ಹಾಕದೆ ನನ್ನದನ್ನೂ ಪಟ್ಟಿಯ ಕೆಳಗೆ ಸೇರಿಸಿದರು. ನಂದು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಆಟ ಅವತ್ತೇ ಮುಗಿದು, ಅಂಗಡಿಗೆ ಏಣಿ ಮರಳಿ ಸಿಕ್ಕಿರುತ್ತಿತ್ತು.

ಆಮೇಲೆ ಆಟಗಾರರ ಕೋಟಾದಲ್ಲಿ ನಮ್ಮಿಬ್ಬರಿಗೂ ಚಾಕಣದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಉಗ್ರಾಣದಲ್ಲಿ ಕೂರುವುದು, ಮಧ್ಯಾಹ್ನ ಮೈದಾನ. ನನ್ನ ಮುಖ್ಯ ಕರ್ತವ್ಯ ಟ್ಯೂಬ್‌ಲೈಟ್ ಬದಲಿಸುವುದಾಗಿತ್ತು. ಅಷ್ಟರಲ್ಲಿ ಆಟದ ಕಾಯಿದೆಗಳೇ ಬದಲಾದವು. ಲಿಬೆರೋ ಎಂಬ ಹೊಸ ಜಾಗ ಬಂತು. ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ನಿಂತು, ಬಿದ್ದು ಎದ್ದು ಚೆಂಡು ಕಾಯುವುದೇ ಅವನ ಕೆಲಸ, ಎತ್ತರ ಬೇಕಾಗಿಲ್ಲ. ನಂದುವಿಗೆಂದೇ ದೇವರು ಮಾಡಿದ ಜಾಗ. ನಾನು ಕೂಗಿದ ಪ್ರತಿ ಚೆಂಡಿಗೂ ತನ್ನನ್ನೇ ಕರೆದರೆಂದು ಓಡಿ ಓಡಿ, ಮೈದಾನದ ಯಾವ ಮೂಲೆಗಾದರೂ ಮುಟ್ಟುವ ಕಾಲು ಅವನಿಗೆ ಬಂದಿತ್ತು. ಅವನಂಥ ಲಿಬೆರೋ ಇಲ್ಲ ಎಂದು ಜನ ಹೇಳತೊಡಗಿದರು. ಸ್ಮ್ಯಾಷ್ ಹೊಡೆಯಲು ಆರಡಿ ಎರಡಿಂಚಿನವರು ದೇಶದಲ್ಲಿ ಬೇಕಾದಷ್ಟಿದ್ದರು.

ಅಪ್ಪನ ತಾಳ್ಮೆ ಅಷ್ಟರಲ್ಲಿ ಮುಗಿದಿತ್ತು. ಒಂದು ರವಿವಾರ ಊಟಕ್ಕೆ ಕೂತಾಗ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ.

"ಹತ್ತು ವರ್ಷ ಆತು ನಿನ್ನ ಕುಣಿತ ನೋಡಿ. ದೇಶದ ಪರವಾಗಿ ಒಂದs ಒಂದು ಚೆಂಡು ಮುಟ್ಟಿ ಬಾ, ನಾ ಬಾಯಿ ಬಿಚ್ಚೂದಿಲ್ಲ. ಮುಟ್ಟಲಿಲ್ಲಂದ್ರ ಮುಂದಿನ ದೀಪಾವಳಿಗೆ ಅಂಗಡಿ ಗಾದಿ ಮ್ಯಾಲೆ ಕೂಡಬೇಕು."

"ಒಂದs ಚೆಂಡೇನು, ಭಾಳ ಮುಟ್ತಾನ ನನ್ನ ಮಗ" ಎಂದಳು ಅವ್ವ. ನನಗೆ ಭಾಳ ಬೇಕಾಗಿರಲಿಲ್ಲ. ನಿಜ ಹೇಳುತ್ತೇನೆ, ಆಗ ನನ್ನ ಜೀವಮಾನದ ಆಸೆಯೆಂದರೆ ಅದೊಂದೇ ಚೆಂಡು. ಅಪ್ಪನಿಗೆ ಉತ್ತರ ಕೊಡಲಿಕ್ಕಲ್ಲ. ಎಷ್ಟು ವರ್ಷ ನನ್ನದು ನನ್ನದು ಎಂದು ಕೂಗಿದೆನಲ್ಲ, ಒಂದಾದರೂ ನನ್ನದಾಗಲಿ ಎಂದು. ಇದನ್ನು ನಾನು ಹೇಳಿಕೊಂಡದ್ದು ನಂದುವಿನ ಹತ್ತಿರ ಮಾತ್ರ.

ಮನೆಯಲ್ಲಿ ಇಬ್ಬರೂ ಹರಕೆ ಹೊತ್ತರು. ನಮ್ಮ ಮೈಲಾರನೇ ಇಲ್ಲಿ ಖಂಡೋಬಾ, ಇರುವುದು ಜೇಜುರಿಯಲ್ಲಿ. ಮಗ ದೇಶಕ್ಕೆ ಆಡಲಿ ಎಂದು ಅವ್ವ. ಮಗ ಕುಣಿತ ಬಿಟ್ಟು ಒಂದು ಕಡೆ ಕೂಡಲಿ ಎಂದು ಅಪ್ಪ. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ತೆಂಗಿನಕಾಯಿಯ ಎರಡು ಹೋಳಿನ ಮೇಲೆ ಬೇಡಿಕೊಂಡು ಬಂದರು. ದೇವರು ಯಾರ ಮನಸ್ಸನ್ನೂ ನೋಯಿಸಲಿಲ್ಲ. ನನ್ನನ್ನು ದೇಶದ ತಂಡಕ್ಕೆ ಸೇರಿಸಿದ, ಸೇರಿಸಿ ಒಂದು ಕಡೆ ಕೂರಿಸಿದ.

ಕೊಲಂಬೋದಲ್ಲಿ ನಾಲ್ಕು ದೇಶಗಳ ಪಂದ್ಯಾವಳಿ. ಹನ್ನೆರಡು ಜನರಲ್ಲಿ ಹನ್ನೆರಡನೆಯವನು ನಾನು. ನಂದು ತಂಡದ ಲಿಬೆರೋ. ಹೊರಡುವ ಮುಂಚೆ ಅವ್ವ ನನ್ನ ನೀಲಿ ಅಂಗಿಯನ್ನು ಜೇಜುರಿಗೆ ಒಯ್ದು ದೇವರ ಮುಂದೆ ಹಿಡಿದಿದ್ದಳು. ಅಲ್ಲಿ ಭಂಡಾರ ಎರಚುವುದೆಂದರೆ ನಿಮಗೆ ಗೊತ್ತಲ್ಲ, ಮುಗಿಲೇ ಹಳದಿಯಾಗುತ್ತದೆ. ನೀಲಿ ಅಂಗಿ ಅರ್ಧ ಹಳದಿಯಾಗಿ ಬಂತು. ಎಷ್ಟು ಒಗೆದರೂ ಹೋಗಲಿಲ್ಲ. ಲಿಬೆರೋನ ಅಂಗಿಯೂ ಹಳದಿ. ಮೊದಲ ದಿನವೇ ತೀರ್ಪುಗಾರರು ಬಂದು, ಒಂದು ತಂಡಕ್ಕೆ ಒಂದೂವರೆ ಲಿಬೆರೋ ಇರುವಂತಿಲ್ಲ ಎಂದು ತಕರಾರು ಮಾಡಿದರು. ನಮ್ಮ ಮುಖ್ಯ ಕೋಚ್, ಉತ್ತರದ ಕಡೆಯ ದೊಡ್ಡ ಮೀಸೆಯವರು, ನನ್ನನ್ನು ಹಲ್ಲು ಕಚ್ಚಿ ನೋಡಿ ಬೇರೊಬ್ಬರ ಅಂಗಿ ತೊಡಿಸಿದರು. ಅದು ನನ್ನ ಹೊಕ್ಕುಳಿನವರೆಗೆ ಬರುತ್ತಿತ್ತು. ಮೂರು ದಿನ ಅದನ್ನು ಕೆಳಗೆ ಎಳೆದುಕೊಳ್ಳುತ್ತ, ಬಾಳೆಹಣ್ಣು ತಿನ್ನುತ್ತ ಬೆಂಚಿನ ಮೇಲೆ ಕೂತೆ.

ನಾಲ್ಕನೆಯ ದಿನ ಮಧ್ಯಾಹ್ನ, ಗೆದ್ದರೆ ಫೈನಲ್ ಎಂಬ ಪಂದ್ಯ. ಇಬ್ಬರೂ ಎರಡೆರಡು ಸೆಟ್ ಗೆದ್ದು, ಐದನೆಯದು ಹದಿಮೂರು ಹದಿಮೂರು. ಹದಿನೈದಕ್ಕೆ ಆಟ ಮುಗಿಯುತ್ತದೆ, ಆದರೆ ಎರಡರ ಅಂತರ ಬೇಕು. ಆಗ ನಮ್ಮವನೊಬ್ಬ ಹಾರಿ ಇಳಿಯುವಾಗ ಕಾಲು ಉಳುಕಿ ಕೂತುಬಿಟ್ಟ. ಕೋಚ್ ಬೆಂಚಿನ ಕಡೆ ನೋಡಿದರು. ಬದಲಿಗೆ ಉಳಿದವನು ನಾನೊಬ್ಬನೇ. ನನ್ನನ್ನು ನೋಡಿ ಒಮ್ಮೆ ಕಣ್ಣು ಮುಚ್ಚಿದರು, ಆಮೇಲೆ ಕೈ ಮಾಡಿದರು.

ಹೋಗಿ ನಿಂತೆ. ನನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಂದು. ಸರ್ವೀಸ್ ಎದುರಿನವರದು. ಗಾಳಿಯಲ್ಲಿ ತೇಲುತ್ತ, ಎತ್ತ ಹೊರಳುತ್ತದೆಂದು ಹೇಳಲಾಗದ ಚೆಂಡು. ಆದರೂ ಬರುತ್ತಿದ್ದದ್ದು ನಂದುವಿನ ಎದೆಗೇ. ಅವನು ನಿದ್ದೆಯಲ್ಲೂ ಎತ್ತಬಲ್ಲ ಚೆಂಡು. ಹುಟ್ಟಿ ಬುದ್ಧಿ ಬಂದಾಗಿನಿಂದ ಕೂಗಿಕೊಂಡು ಬಂದ ಮಾತು ಅವತ್ತು ಹೊರಡಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಕೇಳಿಸಿತು. ಅಚ್ಚ ಕನ್ನಡದಲ್ಲಿ.

"ನಿಂದು!"

ಕೊಲಂಬೋದಲ್ಲಿ ಕನ್ನಡ ಮಾತಾಡಿದವರು ಯಾರಪ್ಪಾ ಎಂದು ನಾನು ತಿರುಗಿ ನೋಡಿದೆ. ನಂದು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದ. ಅದೇ ಗಳಿಗೆಯಲ್ಲಿ ಚೆಂಡು ತಗ್ಗಿ ಬಂದು ನನ್ನ ತಲೆಗೆ ಬಡಿಯಿತು. ಬಡಿದು ಮೇಲೆದ್ದು, ಬಲೆ ದಾಟಿ, ಬಾಯಿ ತೆರೆದು ನೋಡುತ್ತಿದ್ದ ಆರು ಜನರ ನಡುವೆ ಬಿತ್ತು. ಮೈಯ ಯಾವ ಭಾಗ ತಾಗಿದರೂ ನಡೆಯುತ್ತದೆ ಎಂಬ ಕಾಯಿದೆ ಆಗಲೇ ಬಂದಿತ್ತು. ತೀರ್ಪುಗಾರರು ನಮ್ಮ ಕಡೆಗೆ ಕೈ ತೋರಿಸಿದರು. ಹದಿನಾಲ್ಕು ಹದಿಮೂರು. ನನ್ನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ದೇಶದ ಪರವಾಗಿ ಒಂದು ಚೆಂಡು ಮುಟ್ಟಿದ್ದೆ. ಆ ಮೇಲಿನ ಮೂರು ಪಾಯಿಂಟ್ ಎದುರಿನವರೇ ತೆಗೆದುಕೊಂಡರು. ಚೆಂಡು ಮತ್ತೆ ನನ್ನ ಹತ್ತಿರ ಬರಲಿಲ್ಲ. ಸೋತೆವು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೋಚ್ ವರದಿಯ ಪುಸ್ತಕ ತೆರೆದು ನನ್ನ ಮುಂದೆ ನಿಂತರು. ಸೋತದ್ದಕ್ಕಿಂತ ಅವರಿಗೆ ಉರಿದದ್ದು ಆ ಸರ್ವೀಸ್. ತಲೆಗೆ ತಾಗಿ ಪಾಯಿಂಟ್ ಬಂದದ್ದು ದೈವ, ಆದರೆ ಚೆಂಡು ಬಿಟ್ಟವನು ಯಾರು? ಹಿಂದಿಯಲ್ಲಿ ಗುಡುಗಿದರು, "ಬಾಲ್ ಕಿಸ್ಕಾ ಥಾ?" ಚೆಂಡು ಯಾರದಾಗಿತ್ತು, ಅಂತ.

ನಾನು ಆಗ ನಂದುವಿನ ಮುಖ ನೋಡಿದೆ. ಅವನ ತಲೆ ಕೆಳಗಿತ್ತು. ಇವನನ್ನು ಉಳಿಸಬೇಕು, ತಪ್ಪನ್ನು ನನ್ನ ಮೇಲೆ ಹಾಕಿಕೊಳ್ಳಬೇಕು ಎಂದು ಒಂದೇ ಯೋಚನೆ. ಎದೆ ಸೆಟೆದು, ಎಂದೂ ಇಲ್ಲದ ಧೈರ್ಯದಿಂದ, ಕೋಣೆ ನಡುಗುವ ಹಾಗೆ ಹೇಳಿದೆ.

"ನಂದು!"

ಕೋಚ್ ಬರೆದುಕೊಂಡರು.

"ಅಲ್ಲ ಸರ್, ನಂದು ಅಲ್ಲ, ನಂದು! ನಂದು ಅಂದ್ರ ನಂದು!" ಎಂದು ನಾನು ಎರಡೂ ಕೈಯಿಂದ ಎದೆ ಬಡಿದುಕೊಂಡೆ. ಪಾಪ, ಗೆಳೆಯನ ತಪ್ಪಿಗೆ ಇಷ್ಟು ದುಃಖಪಡುತ್ತಿದ್ದಾನೆ ಎಂದು ಅವರು ನನ್ನ ಬೆನ್ನು ತಟ್ಟಿದರು. "ಮೇರಾ" ಎಂಬ ಎರಡಕ್ಷರ ನನಗೆ ನೆನಪಾಗುವಷ್ಟರಲ್ಲಿ ಪುಸ್ತಕ ಮುಚ್ಚಿತ್ತು. ಆಮೇಲೆ ಅವರ ಹಿಂದೆ ಬಿದ್ದು ಹಿಂದಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಗೆಳೆಯನಿಗಾಗಿ ಸುಳ್ಳು ಹೇಳುವುದು ಒಳ್ಳೆಯ ಗುಣ, ಆದರೆ ಸುಳ್ಳು ಇಷ್ಟು ಉದ್ದ ಇರಬಾರದು ಎಂದರು.

ಸಂಜೆ ಬೂತಿನಿಂದ ಅಂಗಡಿಗೆ ಫೋನ್ ಮಾಡಿದೆ. ಅಪ್ಪ ಗೆದ್ದಿರಾ ಸೋತಿರಾ ಎಂದು ಕೇಳಲಿಲ್ಲ.

"ಮುಟ್ಟಿದ್ಯೋ ಇಲ್ಲೋ?"

"ಮುಟ್ಟಿದೆ, ಅಪ್ಪಾ."

"ಹೆಂಗ?"

"ತಲೀಲೆ."

"ತಲೀನೂ ನಿಂದs ಅಲ್ಲೇನು, ನಡೀತದ ಬಿಡು" ಎಂದ. ಅವತ್ತು ಗಲ್ಲಿಗೆಲ್ಲ ಪೇಡೆ ಹಂಚಿದನಂತೆ. ಆ ಪೇಡೆಯ ಸುದ್ದಿ ಕೇಳಿ ನನಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು.

ಮರುದಿನ ಮೂರನೆಯ ಸ್ಥಾನದ ಪಂದ್ಯ. ನಂದುವನ್ನು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂರಿಸಿದರು. ಆರೋಗ್ಯವಾಗಿದ್ದು ಬೆಂಚಿನ ಮೇಲೆ ಕೂತದ್ದು ಅವನ ಆಯುಷ್ಯದಲ್ಲೇ ಮೊದಲ ಸಲ. ಕಾಲು ಎಲ್ಲಿಡಬೇಕೆಂದೂ ಅವನಿಗೆ ತಿಳಿಯುತ್ತಿರಲಿಲ್ಲ. ನಾನು ಬಾಳೆಹಣ್ಣು ಸುಲಿದು ಕೊಟ್ಟೆ.

"ಚೆಂಡು ಯಾಕ ಬಿಟ್ಟಿ?" ಎಂದು ಕೇಳಿದೆ.

"ತುಝಾಚ್ ಹೋತಾ" ಎಂದ, ನಿನ್ನದೇ ಆಗಿತ್ತು ಅಂತ. ಒಂದಿಷ್ಟೂ ಅಳುಕಿಲ್ಲದ ಸುಳ್ಳು.

"ಆ ಮಾತು ಎಲ್ಲಿ ಕಲತಿ?"

ಅವನು ನಕ್ಕ. ಹತ್ತು ವರ್ಷ ನಮ್ಮ ಮನೆಯಲ್ಲಿ ರವಿವಾರದ ಊಟ ಮಾಡಿದವನು. ಬುಟ್ಟಿಯಲ್ಲಿ ಕಡೆಯ ರೊಟ್ಟಿ ಉಳಿದಾಗ ಅಣ್ಣನೂ ನಾನೂ ಒಟ್ಟಿಗೆ "ನಂದು!" ಎಂದು ಕೈ ಹಾಕುತ್ತಿದ್ದೆವು. ಅವ್ವ ನಮ್ಮಿಬ್ಬರ ಕೈಗೂ ಒಂದೊಂದು ಏಟು ಕೊಟ್ಟು, ಆ ರೊಟ್ಟಿಯನ್ನು ಅವನ ತಾಟಿಗೆ ಹಾಕಿ ಒಂದು ಮಾತು ಅನ್ನುತ್ತಿದ್ದಳು. ಅದನ್ನು ಅವನು ಅವಳ ದನಿಯಲ್ಲೇ ಅಂದು ತೋರಿಸಿದ.

"ನಂದೂ, ಇದು ನಿಂದು ನೋಡಪಾ."

ಅದೊಂದೇ ಅವನಿಗೆ ಬರುತ್ತಿದ್ದ ಕನ್ನಡ. ಕೈಯಲ್ಲಿ ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡು ನಾನು ಬೆಂಚಿನ ಮೇಲೆ ಎಲ್ಲರೆದುರು ಅತ್ತೆ. ಅವನು ನನ್ನ ತಲೆಯ ಮೇಲೆ ಎದ್ದಿದ್ದ ಬುಗುಟನ್ನು ಮುಟ್ಟಿ ನೋಡಿ ಇನ್ನಷ್ಟು ನಕ್ಕ.

ಮುಂದಿನ ಶಿಬಿರಕ್ಕೆ ನಮಗಿಬ್ಬರಿಗೂ ಕರೆ ಬರಲಿಲ್ಲ. ನನಗೆ ಬಾರದಿದ್ದದ್ದು ನ್ಯಾಯ. ಅವನು ಇನ್ನೂ ಆರೇಳು ವರ್ಷ ದೇಶಕ್ಕೆ ಆಡುವವನಿದ್ದ. ಚಾಕಣದ ಉಗ್ರಾಣದಲ್ಲಿ ನನ್ನೆದುರಿನ ಕುರ್ಚಿಯಲ್ಲೇ ಅಷ್ಟೂ ವರ್ಷ ಕೂತು ಕಳೆದ, ಒಂದು ದಿನವೂ ಆ ಚೆಂಡಿನ ಮಾತೆತ್ತಲಿಲ್ಲ. ಯಾರಾದರೂ ಕೇಳಿದರೆ ನಾನು ಇಲ್ಲಿಯವರೆಗೆ, ಮಕ್ಕಳಿಗೂ, ನೆಂಟರಿಗೂ, ಅಪ್ಪ ಇರುವ ತನಕ ಅಪ್ಪನಿಗೂ, ನನ್ನ ಚೆಂಡು ಬಂತು, ನಾನು ಮುಟ್ಟಿದೆ ಎಂದೇ ಹೇಳಿಕೊಂಡು ಬಂದಿದ್ದೇನೆ. ಅವನ ಎದುರಿಗೂ ಹೇಳಿದ್ದೇನೆ. ಹೌದು ಹೌದು ಎಂದು ಅವನು ತಲೆಯಾಡಿಸಿದ್ದಾನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುವ ಧೈರ್ಯ ಬಂದದ್ದು.

ಆ ಚೆಂಡು ನಿಂದs ಆಗಿತ್ತೋ, ನಂದೂ.